ಸ್ಕ್ಯಾಲಪ್ ಕೆಂಪಗಾಗಲಿಲ್ಲ, ಯಾಕೆ?

ಪ್ರಶ್ನೆ: ನಾನು ಮೂಲ್ಕಿ ಕಡೆಯವಳು. ಆರು ತಿಂಗಳಿಗೆಂದು ಬಾಸ್ಟನ್ ಹತ್ತಿರ ಮಗಳ ಮನೆಗೆ ಬಂದಿದ್ದೇನೆ. ಇಲ್ಲಿಯ ಹೋಟೆಲೊಂದರಲ್ಲಿ ಸ್ಕ್ಯಾಲಪ್ ತಿಂದೆವು. ಮೇಲೆ ದೋಸೆಯ ಹಾಗೆ ಕೆಂಪಗೆ ಗರಿ, ಒಳಗೆ ಬೆಣ್ಣೆಯಂತೆ ಮೆತ್ತಗೆ, ಪಕ್ಕದಲ್ಲಿ ಹುರಿದ ಅಣಬೆ, ಅಡಿಯಲ್ಲಿ ಖಾರದ ಸಾಸ್. ಮನೆಯಲ್ಲಿ ಮಾಡಿದರೆ ಬಾಣಲೆ ತುಂಬ ಬಿಳಿ ನೀರು ಬಿಟ್ಟಿತು, ತಿಂದರೆ ರಬ್ಬರ್. ನಲವತ್ತು ವರ್ಷ ಮರುವಾಯಿ, ಸಿಗಡಿ ಮಾಡಿದ ಕೈ ನನ್ನದು. ಎಲ್ಲಿ ತಪ್ಪಿದೆ? ನಮ್ಮ ಮೆಣಸಿನ ಖಾರ ಇದಕ್ಕೆ ಹೊಂದುತ್ತದೆಯೇ? ಅಂದ ಹಾಗೆ ಕನ್ನಡದಲ್ಲಿ ಇದಕ್ಕೆ ಏನೆನ್ನುತ್ತಾರೆ?

ಉತ್ತರ: ಬೇಸರಿಸಬೇಡಿ, ನಿಮಗೆ ಅಡ್ಡ ಬಂದದ್ದು ಆ ನಲವತ್ತು ವರ್ಷದ ಮರುವಾಯಿಯೇ.

ಮರುವಾಯಿಯನ್ನು ತೊಳೆದು ಪಾತ್ರೆಗೆ ಹಾಕಿ, ತುಸು ನೀರು ಸೇರಿಸಿ ಮುಚ್ಚಿಟ್ಟರೆ ಚಿಪ್ಪು ಬಾಯಿ ಬಿಡುತ್ತದೆ, ಜೊತೆಗೆ ಹಾಲಿನಂಥ ನೀರನ್ನೂ ಬಿಡುತ್ತದೆ. ಆ ನೀರನ್ನು ಮೋರಿಗೆ ಚೆಲ್ಲಿದ ಸೊಸೆಯನ್ನು ಕರಾವಳಿಯ ಯಾವ ಅತ್ತೆಯೂ ಸುಮ್ಮನೆ ಬಿಟ್ಟವಳಲ್ಲ. ಪುಂಡಿಗೋ ಸುಕ್ಕಕ್ಕೋ ರುಚಿ ಇಳಿಯುವುದೇ ಅದರಿಂದ. ಚಿಪ್ಪಿನ ಜೀವ ನೀರು ಬಿಡಬೇಕು, ಬಿಟ್ಟ ನೀರಲ್ಲೇ ಬೇಯಬೇಕು ಎಂದು ನಿಮ್ಮ ಕೈ ಕಲಿತುಬಿಟ್ಟಿದೆ. ಸ್ಕ್ಯಾಲಪ್ಪಿನಲ್ಲಿ ಈ ಲೆಕ್ಕ ಪೂರ್ತಿ ತಿರುಗುಮುರುಗು. ಅದರ ಮೈಯ ನೀರು, ಅಣಬೆಯ ನೀರು, ಸಾಸಿನ ನೀರು, ಮೂರನ್ನೂ ಬೇರೆ ಬೇರೆಯಾಗಿ ಓಡಿಸಬೇಕು. ಮೂರೂ ಒಂದನ್ನೊಂದು ಮುಟ್ಟುವುದು ಕೊನೆಗೆ ತಟ್ಟೆಯ ಮೇಲೆ ಮಾತ್ರ. ಹೋಟೆಲಿನವರ ಗುಟ್ಟು ಇಷ್ಟೇ. ಆದರೆ ಈ ಇಷ್ಟನ್ನು ಪಾಲಿಸುವುದು ಸ್ವಲ್ಪ ಕಷ್ಟ. ನಾನೂ ಮೊದಲ ಸಲ ಹನ್ನೆರಡು ಸ್ಕ್ಯಾಲಪ್ ಒಟ್ಟಿಗೆ ಸುರಿದು, ಮುಚ್ಚಳ ಬೇರೆ ಮುಚ್ಚಿ, ಪಾಯಸದಂಥದ್ದೇನೋ ಮಾಡಿ ಅತಿಥಿಗಳ ಮುಂದೆ ಇಟ್ಟವನು. ಯಾರೂ ಏನೂ ಅನ್ನಲಿಲ್ಲ. ಎಲ್ಲರೂ ಎರಡನೇ ಸಲ ಅನ್ನ ಹಾಕಿಸಿಕೊಂಡರು, ಅಷ್ಟೆ.

ಹೆಸರಿನ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ. ನಮ್ಮ ಮೀನು ಮಾರುಕಟ್ಟೆಯಲ್ಲಿ ಬುಟ್ಟಿಯಿಟ್ಟು ಮಾರುವ ಸರಕು ಇದಲ್ಲ. ಹಾಗಾಗಿ ಮರುವಾಯಿ, ಬಳಚು, ತಿಸ್ರೆ ಎಂಬಂಥ ಬಾಯಿ ತುಂಬುವ ಅಡುಗೆಮನೆಯ ಹೆಸರು ಇದಕ್ಕೆ ದಕ್ಕಲಿಲ್ಲ. ಸ್ಕ್ಯಾಲಪ್ ಎಂದೇ ಅನ್ನಿ. ಆದರೆ ಇದರ ಚಿಪ್ಪನ್ನು ನೀವು ಊರಲ್ಲೇ ನೋಡಿರುತ್ತೀರಿ. ಶೆಲ್ ಕಂಪನಿಯ ಪೆಟ್ರೋಲ್ ಬಂಕಿನ ಮೇಲೆ ಬೀಸಣಿಗೆ ಬಿಚ್ಚಿಟ್ಟಂತೆ ಹಳದಿ ಚಿಪ್ಪು ಇರುತ್ತದಲ್ಲ, ಅದು ಸ್ಕ್ಯಾಲಪ್. 1904ರಿಂದ ಅದು ಆ ಕಂಪನಿಯ ಗುರುತು. ಸ್ಪೇನಿನ ಸಾಂತಿಯಾಗೊ ಯಾತ್ರೆಗೆ ನಡೆದು ಹೋಗುವವರು ಶತಮಾನಗಳಿಂದ ಚೀಲಕ್ಕೆ ಕಟ್ಟಿಕೊಳ್ಳುತ್ತಿರುವುದೂ ಇದೇ ಚಿಪ್ಪನ್ನು.

ಜೀವ ಮಾತ್ರ ಮರುವಾಯಿಗಿಂತ ಬಹಳ ಬೇರೆ. ಮರುವಾಯಿ ಹೊಳೆಯ ಕೆಸರಲ್ಲಿ ಹೂತುಕೊಂಡು ಕೂರುತ್ತದೆ. ಸ್ಕ್ಯಾಲಪ್ ಈಜುತ್ತದೆ! ಎರಡು ಚಿಪ್ಪನ್ನು ಚಪ್ಪಾಳೆಯಂತೆ ಬಡಿದು, ನೀರು ಚಿಮ್ಮಿಸಿ, ಆ ನೂಕಿಗೆ ಹಾರಿ ಹೋಗುತ್ತದೆ. ಚಿಪ್ಪಿನ ಅಂಚಿನಲ್ಲಿ ಸಾಲಾಗಿ ಇನ್ನೂರರವರೆಗೂ ಪುಟ್ಟ ಕಣ್ಣುಗಳಿರುತ್ತವೆ. ಚಪ್ಪಾಳೆ ತಟ್ಟಲು ಬೇಕಾದ ದಪ್ಪ ಸ್ನಾಯುವೇ ನಿಮ್ಮ ಬಾಣಲೆಗೆ ಬಿದ್ದ ಬಿಳಿ ಬಿಲ್ಲೆ. ಮರುವಾಯಿಯನ್ನು ಹೊಟ್ಟೆ ಸಮೇತ ತಿನ್ನುತ್ತೇವೆ, ಅದರ ರುಚಿಯೂ ಗಟ್ಟಿ, ತೆಂಗಿನಕಾಯಿ, ಕೊತ್ತಂಬರಿ, ಜೀರಿಗೆ ಎಲ್ಲದರ ಎದುರೂ ನಿಲ್ಲುತ್ತದೆ. ಸ್ಕ್ಯಾಲಪ್ ಬರೀ ಸ್ನಾಯು. ಗ್ಲೈಸಿನ್ ಎಂಬ ಅಮಿನೊ ಆಮ್ಲ ಹೇರಳವಾಗಿರುವುದರಿಂದ ನಾಲಿಗೆಗೆ ಸಿಹಿ ಎನಿಸುತ್ತದೆ. ಈ ಸಿಹಿಯ ಮೇಲೆ ಗರಂ ಮಸಾಲೆ ಉದುರಿಸಿದರೆ ಅಲ್ಲಿಗೆ ಅದರ ಕಥೆ ಮುಗಿಯಿತು.

ಈಗ ಆ ಬಿಳಿ ನೀರಿನ ವಿಷಯ. ನಿಮ್ಮ ಬಾಣಲೆ ತುಂಬಿದ ನೀರಿನಲ್ಲಿ ಒಂದಿಷ್ಟು ಸಮುದ್ರದ್ದೇ ಅಲ್ಲದಿರಬಹುದು. ಸ್ಕ್ಯಾಲಪ್ ಚಿಪ್ಪನ್ನು ಮರುವಾಯಿಯಂತೆ ಬಿಗಿಯಾಗಿ ಮುಚ್ಚಿಕೊಳ್ಳಲಾರದು, ನೀರಿನಿಂದ ಮೇಲೆತ್ತಿದರೆ ಬೇಗ ಸಾಯುತ್ತದೆ. ಅದಕ್ಕೇ ಅಲ್ಲಿಯ ದೋಣಿಗಳಲ್ಲಿ ಹಿಡಿದ ಕೂಡಲೇ ಚಿಪ್ಪು ಬಿಡಿಸಿ, ಸ್ನಾಯುವನ್ನಷ್ಟೇ ಬಟ್ಟೆ ಚೀಲಕ್ಕೆ ತುಂಬಿ ಮಂಜುಗಡ್ಡೆಯಲ್ಲಿಡುತ್ತಾರೆ. ದಡಕ್ಕೆ ಬಂದ ಮೇಲೆ ದಾರಿ ಎರಡು. ಕೆಲವನ್ನು ಹಾಗೇ ಮಾರುತ್ತಾರೆ, ಅದಕ್ಕೆ ‘ಡ್ರೈ’ ಸ್ಕ್ಯಾಲಪ್ ಎಂದು ಹೆಸರು. ಇನ್ನು ಕೆಲವನ್ನು ಸೋಡಿಯಂ ಟ್ರೈಪಾಲಿಫಾಸ್ಫೇಟ್ ಬೆರೆಸಿದ ನೀರಿನಲ್ಲಿ ನೆನೆಸುತ್ತಾರೆ, ಅದು ‘ವೆಟ್’. ಫಾಸ್ಫೇಟ್ ಸ್ನಾಯುವಿನ ಒಳಗೆ ನೀರನ್ನು ಹಿಡಿದಿಡುತ್ತದೆ. ಫ್ರೀಜರಿನಲ್ಲಿ ಒಣಗದಂತೆ ಕಾಯುವುದು ಅದರ ಉದ್ದೇಶ, ಆದರೆ ತೂಕವೂ ಹೆಚ್ಚುತ್ತದೆ. ನಮ್ಮಲ್ಲಿ ಹಾಲಿಗೆ ನೀರು ಬೆರೆಸಿದರೆ ಜಗಳಕ್ಕೆ ಹೋಗುತ್ತೇವೆ. ಅಲ್ಲಿ ಅದನ್ನು ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ, ಓದುವವರಿಲ್ಲ.

ಕಣ್ಣಿಗೇ ಗೊತ್ತಾಗುತ್ತದೆ. ಹಿಮದಂತೆ ಅಚ್ಚ ಬಿಳಿ, ಹೊಳಪು, ತಟ್ಟೆಯಲ್ಲಿ ಹಾಲಿನಂಥ ನೀರಿನ ಮಧ್ಯೆ ಕೂತಿದ್ದರೆ ಅದು ವೆಟ್. ದಂತದ ಬಣ್ಣ, ಕೆಲವೊಮ್ಮೆ ತುಸು ಕೆಂಪು-ಕಿತ್ತಳೆ ಛಾಯೆ, ಮುಟ್ಟಿದರೆ ಅಂಟಂಟು, ತಟ್ಟೆ ಒಣ, ಅದು ಡ್ರೈ. ಕಿತ್ತಳೆ ಬಣ್ಣ ಕಂಡು ಕೆಟ್ಟಿದೆ ಎಂದುಕೊಳ್ಳಬೇಡಿ, ಹೆಣ್ಣು ಸ್ಕ್ಯಾಲಪ್ಪಿನಲ್ಲಿ ಅದು ಸಹಜ. ಮೂಸಿ ನೋಡಿ. ಸಮುದ್ರದ ತಿಳಿ ಸಿಹಿ ವಾಸನೆ ಇರಬೇಕು. ಮೀನು ವಾಸನೆ ಹೊಡೆದರೆ ಬಿಟ್ಟುಬಿಡಿ.

ನೀವಿರುವ ಜಾಗ ಈ ವಿಷಯದಲ್ಲಿ ಪುಣ್ಯಸ್ಥಳ. ಬಾಸ್ಟನ್ನಿನಿಂದ ದಕ್ಷಿಣಕ್ಕೆ ಕಾರಿನಲ್ಲಿ ಗಂಟೆ, ಒಂದೂಕಾಲು ಗಂಟೆ ಹೋದರೆ ನ್ಯೂ ಬೆಡ್‌ಫರ್ಡ್ ಬಂದರು. ಹಿಂದೆ ತಿಮಿಂಗಿಲ ಬೇಟೆಯಿಂದ ಶ್ರೀಮಂತವಾಗಿದ್ದ ಊರು. ಮೆಲ್ವಿಲ್ 1851ರಲ್ಲಿ ಪ್ರಕಟಿಸಿದ ‘ಮೋಬಿ ಡಿಕ್’ನ ಆರಂಭದ ಅಧ್ಯಾಯಗಳು ಬಹುಪಾಲು ನಡೆಯುವುದು ಅಲ್ಲಿಯೇ. ಈಗ ಅದನ್ನು ಸಾಕುತ್ತಿರುವುದು ಸ್ಕ್ಯಾಲಪ್. ಸಿಕ್ಕ ಮೀನಿನ ಬೆಲೆಯ ಲೆಕ್ಕದಲ್ಲಿ ಅದು ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಅಮೆರಿಕದ ಮೊದಲ ಬಂದರು. 1994ರಲ್ಲಿ ಜಾರ್ಜಸ್ ಬ್ಯಾಂಕ್ ಎಂಬ ಸಮುದ್ರ ಪ್ರದೇಶದ ದೊಡ್ಡ ಭಾಗಗಳನ್ನು ಮುಚ್ಚಿದರು. ಉದ್ದೇಶವಿದ್ದದ್ದು ಕಾಡ್‌ನಂಥ ತಳದ ಮೀನುಗಳನ್ನು ಉಳಿಸುವುದು. ಕಾಡ್ ಚೇತರಿಸಿಕೊಳ್ಳಲಿಲ್ಲ, ಆ ಶಾಂತಿಯಲ್ಲಿ ಮರಿ ಹಾಕಿ ಬೆಳೆದದ್ದು ಸ್ಕ್ಯಾಲಪ್. ಮಗಳಿಗೆ ಒಂದು ಶನಿವಾರ ಬಿಡುವಿದ್ದರೆ ಅಲ್ಲಿಗೆ ಹೋಗಿ ಡ್ರೈ ಸ್ಕ್ಯಾಲಪ್ಪನ್ನೇ ಕೇಳಿ ತನ್ನಿ. ‘ಯು-10’ ಎಂದು ಬರೆದಿದ್ದರೆ ಒಂದು ಪೌಂಡಿಗೆ, ಅಂದರೆ ಸುಮಾರು 450 ಗ್ರಾಮಿಗೆ, ಹತ್ತಕ್ಕಿಂತ ಕಡಿಮೆ ತೂಗುತ್ತವೆ ಎಂದರ್ಥ. ದಪ್ಪ ಬಿಲ್ಲೆಗಳು. ನಮ್ಮ ಕೆಲಸಕ್ಕೆ ದಪ್ಪವೇ ಬೇಕು. ಸಣ್ಣವು ಹೊರಗೆ ಕೆಂಪಾಗುವಷ್ಟರಲ್ಲಿ ಒಳಗೆ ರಬ್ಬರಾಗಿರುತ್ತವೆ. ನಾಲ್ಕು ಜನಕ್ಕೆ ಹನ್ನೆರಡು ಸಾಕು.

ಫ್ರೀಜ್ ಆದದ್ದೇ ಸಿಕ್ಕಿದರೂ ಪರವಾಗಿಲ್ಲ. ರಾತ್ರಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ, ಜರಡಿಯ ಮೇಲಿಟ್ಟು ಕೆಳಗೊಂದು ಪಾತ್ರೆ ಇಡಿ. ಕರಗಿದ ನೀರು ಸೋರಿ ಹೋಗಲಿ. ಬಿಸಿನೀರಿಗೆ ಹಾಕಿ ಕರಗಿಸಲು ಹೋಗಬೇಡಿ. ಬೆಳಿಗ್ಗೆ ಒಂದೊಂದನ್ನೇ ಕೈಯಲ್ಲಿ ತಿರುಗಿಸಿ ನೋಡಿ. ಪಕ್ಕದಲ್ಲಿ ಉಗುರಿನಷ್ಟಗಲದ ಗಡಸು ಪಟ್ಟಿಯೊಂದು ಅಂಟಿಕೊಂಡಿರುತ್ತದೆ. ಕಿತ್ತು ಹಾಕಿ, ಅದು ಎಷ್ಟು ಬೇಯಿಸಿದರೂ ಅಗಿಯಲು ಬಾರದು. ಆಮೇಲೆ ಹಳೆಯ ಹತ್ತಿ ಪಂಚೆಯ ಮೇಲೆ ಹರಡಿ, ಮೇಲೊಂದು ಬಟ್ಟೆ ಒತ್ತಿ, ಮುಚ್ಚದೆ ಫ್ರಿಜ್ಜಿನಲ್ಲಿ ಒಂದು ಗಂಟೆ ಬಿಡಿ. ಫ್ರಿಜ್ಜಿನ ಒಣಗಾಳಿ ಮೇಲ್ಮೈಯನ್ನು ಇನ್ನಷ್ಟು ಒಣಗಿಸುತ್ತದೆ. ಉಪ್ಪು ಈಗಲೇ ಬೇಡ. ಹಾಗಲಕಾಯಿಗೆ ಉಪ್ಪು ಸವರಿಟ್ಟರೆ ಏನಾಗುತ್ತದೆಂದು ನಿಮಗೆ ಗೊತ್ತಲ್ಲ, ಇಲ್ಲೂ ಅದೇ ಆಗುತ್ತದೆ. ಬಾಣಲೆಗೆ ಹಾಕುವ ಕ್ಷಣದಲ್ಲಿ ಉದುರಿಸಿದರೆ ಸಾಕು.

ಇಷ್ಟೆಲ್ಲ ಯಾಕೆಂದರೆ, ನೀರಿರುವವರೆಗೆ ಬಾಣಲೆಯ ಮೇಲ್ಮೈಯಲ್ಲಿ ಕೂತ ಪದಾರ್ಥ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಕೆಂಪಾಗುವ ಕ್ರಿಯೆ ಚುರುಕಾಗುವುದು ಸುಮಾರು 140 ಡಿಗ್ರಿಯ ಮೇಲೆ. 1912ರಲ್ಲಿ ಲೂಯಿ ಕಮೀಲ್ ಮಯಾರ್ ಎಂಬ ಫ್ರೆಂಚ್ ವಿಜ್ಞಾನಿ ಅಮಿನೊ ಆಮ್ಲ ಮತ್ತು ಸಕ್ಕರೆ ಬಿಸಿಯಲ್ಲಿ ಕೂಡಿ ಕಂದಾಗುವುದನ್ನು ವರದಿ ಮಾಡಿದ. ದೋಸೆಯ ಕೆಂಪು, ಹುರಿದ ಕಾಫಿಬೀಜದ ಘಮ, ಎರಡಕ್ಕೂ ಅವನ ಹೆಸರಿನ ಕ್ರಿಯೆಯೇ ಮೂಲ. ಸ್ಕ್ಯಾಲಪ್ಪಿನಲ್ಲಿ ಅಮಿನೊ ಆಮ್ಲವೂ ಇದೆ, ತುಸು ಸಕ್ಕರೆಯಂಶವೂ ಇದೆ. ನೀರೊಂದು ದಾರಿ ಬಿಡಬೇಕು.

ಇಲ್ಲಿಂದ ಮುಂದೆ ಮರುವಾಯಿ ಮರೆತು ನಿಮ್ಮ ದೋಸೆಯ ಕೈಯನ್ನು ನಂಬಿ. ಮಗಳ ಮನೆಯ ನಾನ್‌ಸ್ಟಿಕ್ ತವ ಪಕ್ಕಕ್ಕಿಡಿ, ದಪ್ಪ ತಳದ ಕಬ್ಬಿಣದ ಬಾಣಲೆಯೋ ಸ್ಟೀಲಿನದೋ ಬೇಕು. ಕಾವಲಿ ಕಾದಿದೆಯೇ ಎಂದು ನೀರು ಚಿಮುಕಿಸಿ ನೋಡುತ್ತೀರಲ್ಲ, ಅದನ್ನೇ ಮಾಡಿ. ಹನಿ ಸುಯ್ಯೆಂದು ಇಂಗಿದರೆ ಇನ್ನೂ ಕಾಯಬೇಕು. ಪಾದರಸದ ಗುಂಡಿನಂತೆ ಓಡಾಡಿದರೆ ಸರಿ. ಆ ನೀರನ್ನು ಒರೆಸಿ, ಎರಡು ಚಮಚ ಕಡಲೆಕಾಯಿ ಎಣ್ಣೆ ಹಾಕಿ, ಹೊಗೆಯ ಎಳೆ ಕಾಣುವವರೆಗೆ ಕಾಯಿಸಿ. ಅಮೆರಿಕದ ಮನೆಗಳಲ್ಲಿ ಹೊಗೆ ಕಂಡರೆ ಬೊಬ್ಬೆ ಹೊಡೆಯುವ ಯಂತ್ರವೊಂದು ಮಾಡಿನಲ್ಲಿರುತ್ತದೆ. ಮೊದಲೇ ಕಿಟಕಿ ತೆರೆದು ಫ್ಯಾನ್ ಹಾಕಿಬಿಡಿ, ಇಲ್ಲವಾದರೆ ಅಕ್ಕಪಕ್ಕದವರೆಲ್ಲ ಅಂಗಳದಲ್ಲಿ ನಿಮ್ಮ ಪರಿಚಯ ಮಾಡಿಕೊಳ್ಳುತ್ತಾರೆ.

ಒಂದು ಸಲಕ್ಕೆ ಆರೇ. ಗಡಿಯಾರದ ಹನ್ನೆರಡರ ಜಾಗದಿಂದ ಶುರುಮಾಡಿ ಸುತ್ತಲೂ ಇಡುತ್ತಾ ಬನ್ನಿ. ಯಾವುದು ಮೊದಲು ಬಿತ್ತೆಂದು ಮರೆಯುವುದಿಲ್ಲ. ಮಧ್ಯೆ ಎರಡು ಬೆರಳಿನ ಅಂತರವಿರಲಿ, ಒತ್ತಿದರೆ ಒಂದರ ಆವಿ ಇನ್ನೊಂದನ್ನು ಬೇಯಿಸುತ್ತದೆ. ನಿಮ್ಮ ಮೊದಲ ಪ್ರಯತ್ನದಲ್ಲಿ ಬಹುಶಃ ಆದದ್ದು ಇದೇ. ಇಟ್ಟ ಮೇಲೆ ಸಟ್ಟುಗ ಕೆಳಗಿಡಿ. ಒಂದೂವರೆಯಿಂದ ಎರಡು ನಿಮಿಷ ಮುಟ್ಟಬೇಡಿ, ಅಲುಗಾಡಿಸಬೇಡಿ, ಮುಚ್ಚಬೇಡಿ. ಬೇಯದ ದೋಸೆಯನ್ನು ಎಬ್ಬಿಸಲು ಹೋದರೆ ಹರಿಯುತ್ತದೆ, ಆದ ದೋಸೆ ತಾನಾಗಿ ಅಂಚು ಬಿಡುತ್ತದೆ. ಸ್ಕ್ಯಾಲಪ್ಪೂ ಹಾಗೆಯೇ. ಗರಿ ಕಟ್ಟಿದ ಮೇಲೆ ಬಾಣಲೆಯನ್ನು ತಾನೇ ಬಿಡುತ್ತದೆ. ಎಳೆದು ಬಿಡಿಸುವಂತಾದರೆ ಇನ್ನೂ ಹದಿನೈದು ಸೆಕೆಂಡ್ ಕಾಯಿರಿ. ಮಗುಚಿದ ಮೇಲೆ ಒಂದು ತುಂಡು ಬೆಣ್ಣೆ ಹಾಕಿ, ಕರಗಿದ್ದನ್ನು ಚಮಚದಲ್ಲಿ ಮೊಗೆದು ಮೇಲೆ ಸುರಿಯುತ್ತಿರಿ. ಬೆಣ್ಣೆಯನ್ನು ಮೊದಲೇ ಹಾಕಿದರೆ ಅದರ ಹಾಲಿನಂಶ ಸೀದು ಕಹಿಯಾಗುತ್ತದೆ. ಎರಡನೇ ಬದಿಗೆ ಒಂದು, ಒಂದೂವರೆ ನಿಮಿಷ ಧಾರಾಳ.

ಆಯಿತೆಂದು ತಿಳಿಯುವುದು ಹೇಗೆ? ಬದಿಯಿಂದ ನೋಡಿ. ಮೇಲೂ ಕೆಳಗೂ ಹಾಲುಬಿಳಿ ಏರಿ ಬಂದು, ನಡುವೆ ಮಾತ್ರ ಸಣ್ಣ ಪಟ್ಟಿಯಷ್ಟು ತುಸು ಪಾರದರ್ಶಕವಾಗಿ ಉಳಿದಿರಬೇಕು. ಬೆರಳಿನಿಂದ ಒತ್ತಿದರೆ ಬಿಸಿ ಇಡ್ಲಿಯಂತೆ ಮೆಲ್ಲಗೆ ಮರಳಬೇಕು. ತೆಗೆದಿಟ್ಟ ಮೇಲೂ ಒಳಗಿನ ಬಿಸಿ ಒಂದು ನಿಮಿಷ ಕೆಲಸ ಮಾಡುತ್ತದೆ. ಹೋಟೆಲಿನವರು ನಡುಭಾಗ 52-55 ಡಿಗ್ರಿಯಲ್ಲೇ ತೆಗೆಯುತ್ತಾರೆ. ಅಮೆರಿಕದ ಆಹಾರ ಇಲಾಖೆ ಸಮುದ್ರದ ಆಹಾರಕ್ಕೆ ಹೇಳುವುದು 63 ಡಿಗ್ರಿ. ಮನೆಯಲ್ಲಿ ಬಸುರಿಯರು, ಪುಟ್ಟ ಮಕ್ಕಳು, ಕಾಯಿಲೆಯವರಿದ್ದರೆ ಇಲಾಖೆಯ ಮಾತು ಕೇಳಿ, ನಡುವಿನ ಪಟ್ಟಿಯೂ ಬಿಳಿಯಾಗುವವರೆಗೆ ಬಿಡಿ. ಅದನ್ನೂ ಮೀರಿದರೆ ಸ್ನಾಯು ಬಿಗಿದು ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ. ರಬ್ಬರ್ ಹುಟ್ಟುವುದು ಆಗಲೇ.

ಒಂದು ವೇಳೆ ವೆಟ್ ಸ್ಕ್ಯಾಲಪ್ ಮನೆಗೆ ಬಂದೇಬಿಟ್ಟಿದೆ ಎನ್ನಿ. ಒಂದು ಲೀಟರ್ ತಣ್ಣೀರಿಗೆ ಕಾಲು ಕಪ್ ನಿಂಬೆರಸ, ಎರಡು ದೊಡ್ಡ ಚಮಚ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿ ಒರೆಸಿದರೆ ಫಾಸ್ಫೇಟಿನ ಸೋಪಿನಂಥ ರುಚಿ ಅಡಗುತ್ತದೆ. ಗರಿ ಮಾತ್ರ ಅರೆಬರೆ. ಅಂಥದ್ದನ್ನು ನಾನಾದರೆ ಗಸಿ ಮಾಡಿಬಿಡುತ್ತೇನೆ. ಅಲ್ಲಿ ನಿಮ್ಮ ನಲವತ್ತು ವರ್ಷ ಕೆಲಸಕ್ಕೆ ಬರುತ್ತದೆ.

ಅಣಬೆಗೆ ಬರೋಣ. ಸ್ಕ್ಯಾಲಪ್ ಕೋಪಿಷ್ಠ, ಅರ್ಧ ನಿಮಿಷದ ತಪ್ಪನ್ನೂ ಕ್ಷಮಿಸದು. ಅಣಬೆ ಸಾಧು. ಅದರ ಗೋಡೆಗಳಲ್ಲಿರುವುದು ಕೈಟಿನ್, ಏಡಿ-ಸಿಗಡಿಯ ಚಿಪ್ಪಿನಲ್ಲಿರುವ ವಸ್ತುವೇ. ಬಿಸಿಗೆ ಅದು ಕರಗುವುದಿಲ್ಲವಾದ್ದರಿಂದ ಎಷ್ಟು ಹುರಿದರೂ ಮುದ್ದೆಯಾಗುವುದಿಲ್ಲ. ಅಲ್ಲಿ ಕಂದು ಬಣ್ಣದ ಕ್ರೆಮಿನಿ ಸಿಗುತ್ತದೆ, ಬಿಳಿ ಬಟನ್ ಅಣಬೆಯದೇ ಜಾತಿ, ರುಚಿ ತುಸು ಹೆಚ್ಚು. 300 ಗ್ರಾಂ ತಂದು ದಪ್ಪಗೆ ಹೆಚ್ಚಿ. ಅಣಬೆಯ ತೂಕದಲ್ಲಿ ನೂರಕ್ಕೆ ಸುಮಾರು 90 ಭಾಗ ನೀರು. ಎಣ್ಣೆಯನ್ನು ಮೊದಲೇ ಹಾಕಿದರೆ ಸ್ಪಂಜಿನಂತೆ ಕುಡಿದುಬಿಡುತ್ತದೆ. ಆದ್ದರಿಂದ ಒಣ ಬಾಣಲೆಗೆ ಅಣಬೆ, ಚಿಟಿಕೆ ಉಪ್ಪು ಅಷ್ಟೇ. ದೊಡ್ಡ ಉರಿಯಲ್ಲಿ ಅದು ತನ್ನ ನೀರನ್ನೆಲ್ಲ ಬಿಟ್ಟು ಕುದಿಯಲು ಶುರುವಾಗುತ್ತದೆ. ಬಿಟ್ಟುಬಿಡಿ. ಗುಳುಗುಳು ಸದ್ದು ನಿಂತು ಚಟಪಟ ಎನ್ನತೊಡಗಿದರೆ ನೀರು ಮುಗಿಯಿತೆಂದರ್ಥ. ಈಗ ಎರಡು ಚಮಚ ಎಣ್ಣೆ, ಕೆಂಪಗಾಗುವವರೆಗೆ ಹುರಿದು, ಕೊನೆಗೆ ಕುಟ್ಟಿದ ಕಾಳುಮೆಣಸು. ಸ್ಕ್ಯಾಲಪ್ ಜೊತೆ ಅಣಬೆ ಎಂಬ ಈ ಜೋಡಿ ಬರೀ ಹೋಟೆಲಿನ ಶೋಕಿ ಅಂದುಕೊಳ್ಳಬೇಡಿ. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಕಡಲಪಾಚಿಯ ಸಾರಿನಿಂದ ಗ್ಲುಟಮೇಟ್ ಬೇರ್ಪಡಿಸಿ ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಒಣಗಿದ ಶಿಟಾಕೆ ಅಣಬೆಯಲ್ಲಿರುವ ಗ್ವಾನಿಲೇಟ್ ಜೊತೆ ಸೇರಿದರೆ ಗ್ಲುಟಮೇಟಿನ ರುಚಿ ಹಲವು ಪಟ್ಟು ಏರುತ್ತದೆಂದು ಅಲ್ಲಿಯವರೇ ಆಮೇಲೆ ಕಂಡುಕೊಂಡರು. ಎರಡು ಒಣ ಶಿಟಾಕೆ ಸಿಕ್ಕರೆ ಪುಡಿ ಮಾಡಿ ಅರ್ಧ ಚಮಚ ಹುರಿದ ಅಣಬೆಗೆ ಉದುರಿಸಿ ನೋಡಿ.

ಖಾರಕ್ಕೆ ಅಮೆರಿಕದವರು ಸುಲಭದ ದಾರಿ ಹಿಡಿಯುತ್ತಾರೆ: ಕ್ರೀಮಿಗೆ ಎರಡು ಚಮಚ ಸಿರಾಚಾ ಎಂಬ ಮೆಣಸಿನ ಸಾಸ್ ಬೆರೆಸಿ ಕುದಿಸಿಬಿಟ್ಟರೆ ಸಾಸ್. ಕೆಟ್ಟದ್ದೇನಲ್ಲ. ಆದರೆ ನಿಮ್ಮ ಪೆಟ್ಟಿಗೆಯಲ್ಲಿ ಬ್ಯಾಡಗಿ ಮೆಣಸು ಇಲ್ಲವೆಂದರೆ ನಾನು ನಂಬುವುದಿಲ್ಲ. ಬಣ್ಣ ಹೆಚ್ಚು, ಖಾರ ಹದ, ಸ್ಕ್ಯಾಲಪ್ಪಿನಂಥ ಸೂಕ್ಷ್ಮಕ್ಕೆ ಇದಕ್ಕಿಂತ ಒಳ್ಳೆಯದು ಬೇಡ. ಕುಂದಾಪುರದ ಘೀ ರೋಸ್ಟ್ ನೆನೆದುಕೊಳ್ಳಿ, ಅದರ ಅರ್ಧ ಸಾಮಾನು ಮಾತ್ರ ಬಳಸಿ. ಎಂಟು ಬ್ಯಾಡಗಿ, ಖಾರ ಬೇಕಿದ್ದರೆ ಒಂದು ಗುಂಟೂರು, ಬೀಜ ತೆಗೆದು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ. ಎರಡು ಎಸಳು ಬೆಳ್ಳುಳ್ಳಿ, ಗೋಲಿಯಷ್ಟು ಹುಣಸೆ, ನಾಲ್ಕು ಕಾಳುಮೆಣಸು ಸೇರಿಸಿ ಗಂಧದಂತೆ ನುಣ್ಣಗೆ ರುಬ್ಬಿ. ಕೊತ್ತಂಬರಿ, ಮೆಂತ್ಯ, ಮೊಸರು ಈ ಸಲಕ್ಕೆ ಬೇಡ. ತೆಂಗಿನಕಾಯಿಯಂತೂ ಬೇಡವೇ ಬೇಡ. ಮೂರು ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ, ಹಸಿ ವಾಸನೆ ಹೋಗಿ ಅಂಚಿನಲ್ಲಿ ತುಪ್ಪ ಬಿಡುವವರೆಗೆ ಬಾಡಿಸಿ, ಉಪ್ಪು, ಕಡಲೆಕಾಳಿನಷ್ಟು ಬೆಲ್ಲ ಹಾಕಿ ಇಳಿಸಿ. ಮೆಣಸಿನ ಖಾರವಾದ ಕ್ಯಾಪ್ಸೈಸಿನ್ ಕರಗುವುದು ಜಿಡ್ಡಿನಲ್ಲಿ, ನೀರಿನಲ್ಲಲ್ಲ. ತುಪ್ಪದಲ್ಲಿ ಕರಗಿದ ಖಾರ ನಾಲಿಗೆಗೆ ಹೊಡೆಯದೆ ಹರಡಿಕೊಳ್ಳುತ್ತದೆ. ತೀರಾ ಗಟ್ಟಿಯಾದರೆ ಒಂದು ಚಮಚ ಬಿಸಿನೀರು ಸಾಕು.

ಮಾಡುವ ಕ್ರಮ ಹೀಗಿರಲಿ: ಮೊದಲು ಮಸಾಲೆ, ಆಮೇಲೆ ಅಣಬೆ, ಎಲ್ಲರೂ ಊಟಕ್ಕೆ ಕೂತ ಮೇಲೆ ಸ್ಕ್ಯಾಲಪ್. ಅವರು ಅದಕ್ಕೆ ಕಾಯಬೇಕು, ಅದು ಅವರಿಗೆ ಕಾಯಬಾರದು. ತಟ್ಟೆಯ ತಳದಲ್ಲಿ ಮಸಾಲೆಯನ್ನು ಚಮಚದ ಬೆನ್ನಿನಿಂದ ಬಳಿದು, ಪಕ್ಕಕ್ಕೆ ಅಣಬೆ, ಮೇಲೆ ಕೆಂಪು ಮುಖ ಆಕಾಶಕ್ಕೆ ಮಾಡಿ ಸ್ಕ್ಯಾಲಪ್. ಸಾಸನ್ನು ಮೇಲಿಂದ ಸುರಿದರೆ ಅಷ್ಟು ಹೊತ್ತು ಕಟ್ಟಿದ ಗರಿ ಅರೆಗಳಿಗೆಯಲ್ಲಿ ನೆನೆದು ಹೋಗುತ್ತದೆ. ಎರಡು ಹನಿ ನಿಂಬೆ. ಜೊತೆಗೆ ಹೋಟೆಲಿನವರು ಬ್ರೆಡ್ ಕೊಡುತ್ತಾರೆ, ನೀವು ನೀರ್ ದೋಸೆ ಮಾಡಿ. ಇಷ್ಟು ಹೊತ್ತು ನೀರು ಬೇಡ ನೀರು ಬೇಡ ಎಂದವನು ಕೊನೆಗೆ ನೀರ್ ದೋಸೆ ಎಂದನಲ್ಲ ಎಂದು ನಗಬಹುದು.

ಮನೆಯಲ್ಲಿ ಸಸ್ಯಾಹಾರಿಗಳಿದ್ದರೆ ಕಿಂಗ್ ಆಯ್‌ಸ್ಟರ್ ಎಂಬ ಅಣಬೆಯ ದಪ್ಪ ಕಾಂಡವನ್ನು ಒಂದಿಂಚಿನ ಬಿಲ್ಲೆ ಮಾಡಿ, ಎರಡೂ ಮುಖಕ್ಕೆ ಚಾಕುವಿನಿಂದ ಗೀರು ಹಾಕಿ, ಇದೇ ಬಾಣಲೆಯಲ್ಲಿ ಸ್ಕ್ಯಾಲಪ್ಪಿಗಿಂತ ಮೊದಲು ಕೆಂಪಗೆ ಮಾಡಿಕೊಳ್ಳಿ. ತಟ್ಟೆಯಲ್ಲಿಟ್ಟರೆ ಯಾವುದು ಯಾವುದೆಂದು ಗುರುತು ಹಿಡಿಯುವುದು ಕಷ್ಟ, ಆದ್ದರಿಂದ ತಟ್ಟೆ ಬೇರೆ ಇರಲಿ. ನೀವು ಊರಿಗೆ ಮರಳಿದ ಮೇಲೆ ಬೆಂಗಳೂರಿನ ದೊಡ್ಡ ಅಂಗಡಿಯಲ್ಲಿ ಫ್ರೀಜ್ ಮಾಡಿದ ಸ್ಕ್ಯಾಲಪ್ ಸಿಕ್ಕೀತು, ಆದರೆ ಬೆಲೆ ಕೇಳಿ ಎದೆ ಹಿಡಿದುಕೊಳ್ಳಬೇಕು. ಅದರ ಬದಲು ಇದೇ ಬಾಣಲೆ, ಇದೇ ಒಣಗಿಸುವ ಕ್ರಮ, ಇದೇ ಮಸಾಲೆಗೆ ಮೂಲ್ಕಿಯ ಬೊಂಡಾಸ್ ಹಾಕಿ ನೋಡಿ. ಅದೂ ಒಂದೆರಡು ನಿಮಿಷದ ಜೀವವೇ.

ಸ್ಕ್ಯಾಲಪ್ ಉಳಿದರೆ ಮತ್ತೆ ಬಿಸಿ ಮಾಡಬೇಡಿ, ಮೈಕ್ರೋವೇವಿನಲ್ಲಂತೂ ಬೇಡ. ಮರುದಿನ ತಣ್ಣಗೇ ಹೆಚ್ಚಿ, ಈರುಳ್ಳಿ, ಸೌತೆಕಾಯಿ, ನಿಂಬೆರಸದ ಜೊತೆ ತಿನ್ನಿ. ಮಸಾಲೆ ಫ್ರಿಜ್ಜಿನಲ್ಲಿ ವಾರ ಇರುತ್ತದೆ, ಬೇಯಿಸಿದ ಮೊಟ್ಟೆಗೆ ಸವರಿ ಕಾವಲಿಯಲ್ಲಿ ಹೊರಳಿಸಿದರೆ ಮಗಳ ಬೆಳಗಿನ ಡಬ್ಬಿಗೆ ಆಯಿತು.